ಹದಿನಾಲ್ಕಕ್ಕೆ ಮೂವತ್ತೊಂಬತ್ತು, ಐದಕ್ಕೆ ಹನ್ನೊಂದು

ಕಲಿನಾಳ ತಲೆಯೊಳಗೆ ಒಂದು ಚಿಂತೆ ಬಿಡಾರ ಹೂಡಿ ಕೂತಿತ್ತು. ಎಂಟು ತಿಂಗಳ ಮಗ ಬೋರಿಲ್‌ನ ಕಿವಿ ಏನಾಗಿಹೋದೀತು? ಕಿವಿ ಉಳಿದರೂ ನಿದ್ದೆ? ನಿದ್ದೆ ಕೆಟ್ಟರೆ ಬುದ್ಧಿ? ಬುದ್ಧಿ ಕೆಟ್ಟರೆ ಮುಂದೆ ಗಣಿತ ಶಾಲೆಯ ಪ್ರವೇಶ ಪರೀಕ್ಷೆಯ ಗತಿ? ಪ್ಲೋವ್‌ದಿವ್ ನಗರದ ಎಂಟಂತಸ್ತಿನ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿಯಲ್ಲಿ, ಹಾಲಿನ ಬಾಟಲಿ ಕುದಿಸುತ್ತಾ ನಿಂತ ಆ ತಾಯಿ, ಹಲ್ಲು ಕೂಡ ಮೂಡದ ಮಗ ಹದಿಮೂರನೇ ವಯಸ್ಸಿನಲ್ಲಿ ಫೇಲಾಗುವುದನ್ನು ಕಣ್ಣಾರೆ ಕಂಡಾಗಿತ್ತು!

ಇಷ್ಟಕ್ಕೆಲ್ಲ ಕಾರಣ ಟಿವಿಯ ಕೆಳಗೆ ಕೂತಿದ್ದ ಒಂದು ಕರಿ ಡಬ್ಬ. ಸೆಟ್‌ಟಾಪ್ ಬಾಕ್ಸ್ ಎಂಬ ಆ ಡಬ್ಬದೊಳಗೆ ನೂರಾ ಎಂಬತ್ತು ಚಾನೆಲ್. ಒಂದರ ಗಂಟಲಿಗೂ ಇನ್ನೊಂದರ ಗಂಟಲಿಗೂ ಸಂಬಂಧವಿಲ್ಲ. ಹದಿನಾಲ್ಕರಲ್ಲಿ ಜಾನಪದ ಹಾಡುವ ಹೆಂಗಸರು ಪಕ್ಕದವಳಿಗೆ ಗುಟ್ಟು ಹೇಳಿದಂತೆ ಹಾಡುತ್ತಾರೆ. ಪಾಪ, ಕೇಳಿಸಲಿ ಅಂತ ಸೌಂಡ್ ಏರಿಸಿ, ಹಾಗೆಯೇ ಐದಕ್ಕೆ ಹೋದಿರೋ, ಟರ್ಕಿಯ ಧಾರಾವಾಹಿಯ ನಡುವೆ ಮುಲಾಮಿನ ಜಾಹೀರಾತಿನವನು "ಮಂಡಿ ನೋವೇ?" ಎಂದು ನಿಮ್ಮ ಎದೆಯ ಮೇಲೆ ಕೂತು ಕೇಳುತ್ತಾನೆ. ಇಲ್ಲದ ನೋವೂ ಬರಬೇಕು!

ಈ ಡಬ್ಬದ ಮಹಾರಾಣಿ ಕಲಿನಾಳ ಅತ್ತೆ ತ್ಸೊಂಕಾ. ಸೋಮವಾರದಿಂದ ಕಲಿನಾ ಮತ್ತೆ ಕೆಲಸಕ್ಕೆ ಹೋಗಬೇಕು. ಶಿಶುವಿಹಾರದ ಸರದಿಯಲ್ಲಿ ಬೋರಿಲ್ ಇನ್ನೂರ ಹನ್ನೊಂದನೆಯವನು. ಅವನ ಪಾಳಿ ಬರುವಷ್ಟರಲ್ಲಿ ಅವನಿಗೆ ಮೀಸೆ ಬಂದಿರುತ್ತದೆ. ಹಾಗಾಗಿ ಮಗುವಿಗೆ ಅಜ್ಜಿಯೇ ದಿಕ್ಕು, ಅಜ್ಜಿಗೆ ಟಿವಿಯೇ ದಿಕ್ಕು. ಎರಡು ರಿಮೋಟುಗಳಿಗೂ ಆಕೆ ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಹೊದಿಸಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಒಂದರಲ್ಲಿ ಟಿವಿಯ ಸೌಂಡ್, ಇನ್ನೊಂದರಲ್ಲಿ ಡಬ್ಬದ ಸೌಂಡ್. ಯಾವ ಗುಂಡಿ ಎಲ್ಲಿದೆ ಎಂಬುದು ದೇವರಿಗೂ ಅತ್ತೆಗೂ ಮಾತ್ರ ಗೊತ್ತು. ಕೆಲವೊಮ್ಮೆ ದೇವರಿಗೆ ಮಾತ್ರ.

"ಕೇಬಲ್‌ನವರಿಗೆ ಒಂದು ಫೋನ್ ಮಾಡು, ಮುಗೀತು," ಅಂದ ಗಂಡ ಸ್ವಿಲೆನ್, ಸೋಫಾದ ಮೇಲಿನಿಂದ.

ಫೋನ್! ಅಪರಿಚಿತರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ಕಲಿನಾಳಿಗೆ ಹೆರಿಗೆಗಿಂತ ಕಷ್ಟ. ಅದೇ ಬರವಣಿಗೆ ಅನ್ನಿ, ಮಹಾಕಾವ್ಯ ಬೇಕಾದರೂ ಬರೆದಾಳು.

"ಬೇಡ. ಇದನ್ನ ನಾನೇ ಬಗೆಹರಿಸ್ತೀನಿ. ವೈಜ್ಞಾನಿಕವಾಗಿ!" ಎಂದು ಘೋಷಿಸಿದಳು.

ಎರಡು ದಿನ ಕೂತು ಒಂದು ಪಟ್ಟಿ ತಯಾರಾಯಿತು. ಚಾನೆಲ್ ಹದಿನಾಲ್ಕಕ್ಕೆ ಸೌಂಡ್ ಮೂವತ್ತೊಂಬತ್ತು. ಐದಕ್ಕೆ ಹನ್ನೊಂದು. ಸುದ್ದಿಗೆ ಇಪ್ಪತ್ತು, ಜಗಳದ ಸುದ್ದಿಯಾದರೆ ಹದಿನಾರು. ಕೆಂಪು ಶಾಯಿಯಲ್ಲಿ ಸೂಚನೆ: ಮೊದಲು ಸೌಂಡ್ ಇಳಿಸಿ, ಆಮೇಲೆ ಚಾನೆಲ್ ಬದಲಿಸಿ.

ಗೋಡೆಗೆ ಅಂಟಿಸಿದ ಪಟ್ಟಿಯನ್ನು ತ್ಸೊಂಕಾ ಕನ್ನಡಕ ಏರಿಸಿ ಓದಿದರು.

"ಇದೇನೇ, ರೈಲಿನ ವೇಳಾಪಟ್ಟಿನಾ?"

"ಮಗು ಏಳಬಾರದು ಅಂತ ಅತ್ತೆ."

"ಮಗೂನ ಎಬ್ಬಿಸೋದು ಟಿವಿ ಅಲ್ಲ ಕಣೇ, ನೀನು. ಸದ್ದಾದ ಕೂಡಲೇ 'ಅಯ್ಯೋ ಎದ್ದನೇನೋ' ಅಂತ ಓಡಿಬಂದು ಆ ಕಿರುಗುಟ್ಟೋ ಬಾಗಿಲು ತೆಗೀತೀಯ. ಅವನು ಏಳ್ತಾನೆ. ನಾನಾದ್ರೂ ಏಳ್ತಿದ್ದೆ."

"ಅಮ್ಮ ಹೇಳಿದ್ದರಲ್ಲೂ..." ಎಂದು ಸ್ವಿಲೆನ್ ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, ಆಕಳಿಸಿದಂತೆ ಮಾಡಿ ಮುಚ್ಚಿದ.

ಪಟ್ಟಿಯ ಫಲ ಮರುದಿನವೇ ಕಂಡಿತು. ಇಳಿಸಬೇಕಾದ ಅತ್ತೆ ಪ್ಲಾಸ್ಟಿಕ್ಕಿನ ಮೇಲೆ ತಡಕಾಡಿ ಏರಿಸಿದರು. ಒಂದರಲ್ಲಲ್ಲ, ಎರಡೂ ರಿಮೋಟುಗಳಲ್ಲಿ. ಮುಲಾಮಿನವನು ಇಡೀ ಕಟ್ಟಡದ ಮಂಡಿ ವಿಚಾರಿಸಿದ. ಅದೂ ಮಧ್ಯಾಹ್ನ ಎರಡೂವರೆಗೆ! ಎರಡರಿಂದ ನಾಲ್ಕು ಮೌನದ ಹೊತ್ತು. ಆಗ ಸೂಜಿ ಬಿದ್ದರೂ ಬಿದ್ದ ಸೂಜಿಯ ಮೇಲೆ ದೂರು ದಾಖಲಾಗುತ್ತದೆ. ಕಟ್ಟಡದ ಮೇಲ್ವಿಚಾರಕ ಮಿಂಚೋ, ನಿವೃತ್ತ ಸುಬೇದಾರ, ಬಾಗಿಲಿಗೇ ಬಂದ.

"ನೋಡಮ್ಮಾ, ಎಲ್ಲರೂ ನನ್ನ ತಲೆ ತಿಂತಿದಾರೆ. ಕೆಳಗಿನ ಬಾಗಿಲಲ್ಲಿ ಎರಡು ಸಾಲು ಕ್ಷಮಾಪಣೆ ಬರೆದು ಅಂಟಿಸಿಬಿಡು. ನನಗೂ ಮರ್ಯಾದೆ, ನಿನಗೂ ಮರ್ಯಾದೆ."

ಬರೆಯುವುದಾ! ಕಲಿನಾ ಅರಳಿದಳು. ಕೈಬರಹ ಬೇಡ, ಅಚ್ಚುಕಟ್ಟಾಗಿ ಪ್ರಿಂಟ್ ಇರಲಿ ಎಂದು ಕಂಪ್ಯೂಟರ್ ತೆರೆದಳು. ಬಾಗಿಲಿಗೆ ಅಂಟಿಸುವ ಅಳತೆಗೆ ತಯಾರಿದ್ದದ್ದು ಒಂದೇ ಹಾಳೆ: ಮಾವ ತೀರಿಕೊಂಡಾಗ, ಆಮೇಲೆ ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಊರಿನ ಪದ್ಧತಿಯಂತೆ ಮುದ್ರಿಸಿ ಅದೇ ಬಾಗಿಲಿಗೆ ಅಂಟಿಸಿದ್ದ ಸಾವಿನ ಸೂಚನೆಯ ಹಾಳೆ. ಎಂಟು ತಿಂಗಳಿಂದ ನಿದ್ದೆ ಕಾಣದ ಬುದ್ಧಿ ಚುರುಕಾಗಿ ಕೆಲಸ ಮಾಡಿತು. ಮಾವನ ಹೆಸರು ಅಳಿಸಿದಳು. ಶಿಲುಬೆ ತೆಗೆದು ಅಲ್ಲೊಂದು ಪುಟ್ಟ ಸ್ಪೀಕರಿನ ಚಿತ್ರ ಇಟ್ಟಳು. ಫೋಟೋದ ಚೌಕ ಅಳಿಸಹೋದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಇರಲಿ ಎಂದು ಆ ಜಾಗಕ್ಕೆ ಅತ್ತೆಯ ಪಾಸ್‌ಪೋರ್ಟ್ ಫೋಟೋವನ್ನೇ ತುಂಬಿದಳು. ಕ್ಷಮೆ ಕೇಳುವವರು ಯಾರೆಂದು ಜನಕ್ಕೆ ತಿಳಿಯಬೇಡವೇ? ಸುತ್ತಲಿನ ಕಪ್ಪು ಅಂಚನ್ನು ಮಾತ್ರ ಬೇಕೆಂದೇ ಉಳಿಸಿದಳು. ಕಣ್ಣಿಗೆ ಹೊಡೆದು ಕಾಣಲಿ ಅಂತ!

ಕಣ್ಣಿಗೆ ಹೊಡೆಯಿತು. 'ಟಿವಿಯ ಸದ್ದಿನಿಂದಾದ ತೊಂದರೆಗೆ ಮನ್ನಿಸಿ' ಎಂದು ದೊಡ್ಡದಾಗಿಯೇ ಬರೆದಿತ್ತು. ಆದರೆ ಅಂಥ ಹಾಳೆಯನ್ನು ಓದುವವರು ಯಾರು? ಅಂಚು ನೋಡುತ್ತಾರೆ, ಮುಖ ನೋಡುತ್ತಾರೆ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಲಿಫ್ಟ್ ಹತ್ತುತ್ತಾರೆ.

ಮಾರನೇ ದಿನ ನಾಲ್ಕು ಗಂಟೆಗೆ ಕರೆಗಂಟೆ. ಬಾಗಿಲಲ್ಲಿ ಮಿಂಚೋ, ಕಪ್ಪು ಟೈ ಕಟ್ಟಿಕೊಂಡು. ಪಕ್ಕದಲ್ಲಿ ಎರಡನೇ ಮಹಡಿಯ ಲಿಲ್ಯಾನಾ, ಕೈಯಲ್ಲಿ ಕೆಂಪು ಕಾರ್ನೇಷನ್ ಹೂಗಳು, ಕಣ್ಣಲ್ಲಿ ನೀರು. ಒಂದು ಕ್ಷಮಾಪಣೆಗೆ ಇಷ್ಟೊಂದು ಕರಗಿದರಲ್ಲ, ಎಷ್ಟಾದರೂ ನನ್ನ ಬರವಣಿಗೆ ಎಂದು ಕಲಿನಾಳಿಗೆ ಹೆಮ್ಮೆಯೇ ಆಯಿತು.

"ಮೊನ್ನೆ ಮೊನ್ನೆ ತಿಂಡಿಗೆ ಬಾನಿತ್ಸಾ ಮಾಡಿ ಕೊಟ್ಟಿದ್ದರಲ್ಲೇ!" ಎಂದು ಲಿಲ್ಯಾನಾ ಅವಳನ್ನು ತಬ್ಬಿಕೊಂಡಳು. "ತುಂಬಾ ನರಳಿದರಾ?"

"ಯಾರು?" ಅಂದಳು ಕಲಿನಾ. ಆಗ ಅವಳ ಕಣ್ಣು ಹೂಗಳ ಮೇಲೆ ಬಿತ್ತು. ಎಣಿಸಿದಳು. ನಾಲ್ಕು. ಇನ್ನೊಮ್ಮೆ ಎಣಿಸಿದಳು. ನಾಲ್ಕೇ. ಸರಿಸಂಖ್ಯೆಯ ಹೂ ಆ ಊರಲ್ಲಿ ಸತ್ತವರಿಗೆ ಮಾತ್ರ; ಬದುಕಿದ್ದವರಿಗೆ ಯಾರಾದರೂ ಕೊಡುತ್ತಾರೆಯೇ? ಕಾಲ ಕೆಳಗಿನ ನೆಲ ನೇರ ಒಂದನೇ ಮಹಡಿಗೆ ಇಳಿಯಿತು.

"ಮಂಡಿ ನೋವೇ?" ಎಂದು ಒಳಗಿನಿಂದ ಗುಡುಗು.

ಲಿಲ್ಯಾನಾ ಚಿಟ್ಟನೆ ಚೀರಿ ಶಿಲುಬೆಯ ಗುರುತು ಮಾಡಿಕೊಂಡಳು. ಗುಡುಗಿನ ಹಿಂದೆಯೇ ಸ್ವತಃ ದಿವಂಗತರು ಚಪ್ಪಲಿ ಎಳೆಯುತ್ತ ಬಂದರು.

"ಯಾರೇ ಅದು? ಮಿಂಚೋ, ಯಾರೋ ಸತ್ತರು ಅಂತ ಕಾಣುತ್ತೆ, ಟೈ ಕಟ್ಟಿದ್ದೀಯ?"

ಮಿಂಚೋ ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವನು. ಬಂದೂಕು ಹಿಡಿದಿದ್ದ ಬೆರಳನ್ನು ಕೆಳಗಿನ ಬಾಗಿಲಿನತ್ತ ಚಾಚಿದ. ತ್ಸೊಂಕಾ ಒಂದೊಂದೇ ಮೆಟ್ಟಿಲು ಇಳಿದು ಹೋದರು, ಕನ್ನಡಕ ಹಾಕಿ ತಮ್ಮನ್ನು ತಾವು ನೋಡಿಕೊಂಡರು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಲಿಲ್ಯಾನಾಳ ಕೈಯಿಂದ ಹೂ ತೆಗೆದುಕೊಂಡು, ಒಂದನ್ನು ಎಳೆದು ಅವಳಿಗೇ ವಾಪಸು ಕೊಟ್ಟರು.

"ಈಗ ಮೂರು. ಸರಿಹೋಯ್ತು. ಬನ್ನಿ, ಕಾಫಿ ಕುಡೀರಿ."

ನೆರೆಯವರ ಮುಂದೆ ಅಷ್ಟೇ. ಅವರು ಹೋದ ಮೇಲೆ ಸೊಸೆಯತ್ತ ತಿರುಗಿದರು.

"ನನಗೆ ಕಪ್ಪು ಅಂಚು ಹಾಕೋಕೆ ಇಷ್ಟೊಂದು ಅವಸರವೇನೇ ನಿನಗೆ? ಅದೂ ಆ ದರಿದ್ರ ಪಾಸ್‌ಪೋರ್ಟ್ ಫೋಟೋ! ನಿಮ್ಮ ಮಾವನಿಗೆ ಸ್ಟುಡಿಯೋದ್ದು ಹಾಕಿದ್ದೆ."

"ಅತ್ತೆ, ಅದು ಕ್ಷಮಾಪಣೆ..."

"ಸತ್ತವರು ಮಗು ನೋಡಿಕೊಳ್ಳೋ ಪದ್ಧತಿ ಇಲ್ಲಮ್ಮ. ಸೋಮವಾರಕ್ಕೆ ಬೇರೆ ಯಾರನ್ನಾದರೂ ನೋಡ್ಕೋ."

ಅರ್ಧ ಗಂಟೆಯಲ್ಲಿ ಚೀಲ ಕಟ್ಟಿಕೊಂಡು, ಅಸೆನೋವ್‌ಗ್ರಾದಿನ ತಂಗಿಯ ಮನೆಗೆ ಬಸ್ ಹತ್ತಿಯೇಬಿಟ್ಟರು. ಹೋಗುವಾಗ ಪ್ಲಾಸ್ಟಿಕ್ ಹೊದ್ದ ಎರಡು ರಿಮೋಟುಗಳನ್ನೂ ಕೈಚೀಲಕ್ಕೆ ಹಾಕಿಕೊಂಡಿದ್ದರು.

ಶನಿವಾರ ಮಧ್ಯಾಹ್ನ. ಎರಡು ಗಂಟೆ. ಮನೆಯಲ್ಲಿ ಕಲಿನಾ ಕನಸು ಕಂಡಿದ್ದಂಥದೇ ಮೌನ. ಎಂಥ ಮೌನವೆಂದರೆ ಫ್ರಿಜ್ ಕೂಡ ಸಂಕೋಚದಿಂದ ಗೊಣಗುತ್ತಿತ್ತು. ಬೋರಿಲ್ ತೊಟ್ಟಿಲಲ್ಲಿ ಮಲಗಿ, ಕಣ್ಣು ಇಷ್ಟಗಲ ತೆರೆದು, ಏನೋ ಕಳೆದುಹೋದವನಂತೆ ಸುತ್ತ ನೋಡಿದ. ಆಮೇಲೆ ಬಾಯಿ ತೆರೆದ.

ಎರಡೂಕಾಲು. ಎತ್ತಿಕೊಂಡು ತೂಗಿದಳು; ಅತ್ತ. ಎರಡೂವರೆ. ಫೋನಿನಲ್ಲಿ ಮಳೆಯ ಸದ್ದು ಹಾಕಿದಳು. ಮಳೆಗೆ ಪೈಪೋಟಿಯಾಗಿ ಅತ್ತ. ಮೇಲಿನವರು ನೆತ್ತಿಯ ಮೇಲೆ ಕುಟ್ಟಿದರು, ಕೆಳಗಿನವರು ಸದ್ದು ನಿಲ್ಲಿಸಿ ಎಂದು ಕೊಳವೆಗೆ ಬಡಿದರು.

"ಟಿವಿಯನ್ನಾದರೂ ಹಾಕೋಣ," ಅಂದ ಸ್ವಿಲೆನ್. ಹಾಕಿದ. 'ರಿಮೋಟಿನಿಂದ ಚಾನೆಲ್ ಆರಿಸಿ' ಎಂದು ಬರೆದುಕೊಂಡು, ಪರದೆ ತೆಪ್ಪಗೆ ಕೂತಿತು.

"ಕಲಿನಾ, ಅವನು ಹುಟ್ಟಿದಾಗಿನಿಂದ ಅಮ್ಮನ ಆ ಸದ್ದಲ್ಲೇ ಮಲಗಿದವನು. ಒಂದು ಸಲ ಗುಟ್ಟು, ಒಂದು ಸಲ ಗುಡುಗು. ಅದೇ ಅವನ ಜೋಗುಳ. ಸೋಮವಾರ ನೀನು ಆಫೀಸಿಗೆ ಹೋಗಬೇಕೋ ಬೇಡವೋ? ಅಮ್ಮನಿಗೆ ಫೋನ್ ಮಾಡು."

"ಒಂದು ಪತ್ರ ಬರೆದರೆ...?"

"ಕಲಿನಾ!"

ಮಾಡಿದಳು. ಒಂಬತ್ತು ಸಲ ಗಂಟೆ ಬಡಿದುಕೊಂಡ ಮೇಲೆ ಆ ಕಡೆ ಎತ್ತಿದ ಸದ್ದು.

"ಅತ್ತೆ, ನಾನು..."

"ತಪ್ಪು ನಂಬರ್. ಇಲ್ಲಿರೋರು ತೀರಿಹೋಗಿದಾರೆ."

"ತಪ್ಪಾಯ್ತು ಅತ್ತೆ. ಮಗು ಮಲಗ್ತಾನೇ ಇಲ್ಲ. ಒಂದೇ ಒಂದು ಸಲ ಫೋನನ್ನ ನಿಮ್ಮ ಟಿವಿ ಹತ್ತಿರ ಹಿಡೀತೀರಾ?"

ಆ ಕಡೆ ಹಿನ್ನೆಲೆಯಲ್ಲಿ ಸಣ್ಣಗೆ, ಗುಟ್ಟಿನಂತೆ, ಜಾನಪದ ಹೆಂಗಸರು.

"ಸೌಂಡ್ ಎಷ್ಟಕ್ಕೆ ಇಡಲಿ? ನಿನ್ನ ಪಟ್ಟಿ ನೋಡಿ ಹೇಳು. ನಾನು ಓದಿಲ್ಲದವಳು."

ಕಲಿನಾ ಗೋಡೆಯತ್ತ ತಿರುಗಿದಳು. ಕೆಂಪು ಶಾಯಿ ಹಲ್ಲು ಕಿರಿಯಿತು.

"ಎಷ್ಟಾದರೂ ಇಡಿ, ಅತ್ತೆ," ಅಂದಳು. ಆ ಕಡೆ ಚಾನೆಲ್ ಬದಲಾಯಿತು.

"ಮಂಡಿ ನೋವೇ?" ಎಂದು ಫೋನು ಗುಡುಗಿತು. ಬೋರಿಲ್ ಒಮ್ಮೆ ಬಿಕ್ಕಿದ, ನಿಟ್ಟುಸಿರಿಟ್ಟ, ಹೆಬ್ಬೆರಳು ಬಾಯಿಗಿಟ್ಟು ಮಗ್ಗುಲಾದ.

"ಮಲಗಿದನಾ?"

"ಮಲಗಿದ," ಎಂದು ಕಲಿನಾ ಪಿಸುಗುಟ್ಟಿದಳು. "ಅತ್ತೆ, ಸೋಮವಾರ...?"

"ನಾಳೆ ಸಂಜೆ ಐದರ ಬಸ್ಸಿಗೆ ಬರ್ತೀನಿ. ನಿಲ್ದಾಣಕ್ಕೆ ಹೂ ಹಿಡ್ಕೊಂಡು ಬಾ. ಮತ್ತೆ ಕಲಿನಾ..."

"ಹೇಳಿ ಅತ್ತೆ."

"ಎಣಿಸಿಕೊಂಡು ತಾ."