ತುರಾಯಿ ದಳವಾಯಿಯವರ ಉಪ್ಪಿಲ್ಲದ ಊಟದ ವಿಚಾರವಾಗಿ

ಹೊಳೆನರಸೀಪುರ
ಅಡುಗೆಮನೆ ಕಿಟಕಿ ಪಕ್ಕದಿಂದ

ಮಾನ್ಯರೇ,

ತಲೆ ಮೇಲೆ ಹಳದಿ ತುರಾಯಿ, ಎರಡು ಕೆನ್ನೆಗೂ ಕುಂಕುಮ ಬಳಿದಂಥ ಬಣ್ಣ, ಕಾಕಟೀಲ್ ಎಂಬ ಪುಟ್ಟ ಗಿಣಿಗಳ ವಂಶದಲ್ಲಿ ಹುಟ್ಟಿ ನಮ್ಮ ಕಿಟಕಿಯಲ್ಲಿ ದರ್ಬಾರು ನಡೆಸುತ್ತಿರುವ ದಳವಾಯಿಯವರ ಪಾದಗಳಿಗೆ, ಅಂದರೆ ತುರಿದಿಟ್ಟ ಕ್ಯಾರೆಟ್ಟನ್ನು ತುಳಿದುಕೊಂಡು ಓಡಾಡುವ ಅವೇ ಪಾದಗಳಿಗೆ, ಜವರಮ್ಮನ ನಮಸ್ಕಾರಗಳು.

ಮೊದಲನೇದಾಗಿ, ನನ್ನ ಕೈಲಿ ಕಾಗದ ಬರೆಸುತ್ತಿರುವುದೇ ಅನ್ಯಾಯ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆಮೇಲೆ ಬರೆದದ್ದು ಅಂದರೆ ಉಪ್ಪಿನಕಾಯಿ ಜಾಡಿ ಮೇಲಿನ ಹೆಸರು ಮಾತ್ರ. ಏನಾದರೂ ಹೇಳಬೇಕು ಅನ್ನಿಸಿದರೆ ಬಾಯಿಬಿಟ್ಟು ಹೇಳಿ, ಎದುರುಮನೆಯವರಿಗೂ ಕೇಳಿಸಿ, ಅಲ್ಲಿಗೆ ಮುಗಿಸಿಬಿಡುವುದು ನನ್ನ ಪದ್ಧತಿ. ಆದರೆ ಪಂಜರದ ಹತ್ತಿರ ಯಾರೂ ದನಿ ಎತ್ತಬಾರದು, ಹೆದರಿದ ಹಕ್ಕಿ ಹೊಸ ಊಟ ಮುಟ್ಟುವುದಿಲ್ಲ ಎಂದು ಹಾಸನದ ಹಕ್ಕಿ ಡಾಕ್ಟರು ಅಪ್ಪಣೆ ಕೊಟ್ಟಿದ್ದಾರೆ. ಮೊಮ್ಮಗಳು ನಿಸರ್ಗ ಅದನ್ನೇ ಹಿಡಿದುಕೊಂಡು, ಅಜ್ಜೀ, ಬೈಲೇಬೇಕು ಅನ್ಸುದ್ರೆ ಬರ್ದಿಡು, ಫ್ರಿಜ್ ಬಾಗ್ಲಿಗೆ ಅಂಟಿಸ್ತೀನಿ, ಬಂದೋರೆಲ್ಲ ಓದ್ಲಿ ಎಂದು ಪೆನ್ನು ಕೈಗಿಟ್ಟಳು. ಆದ್ದರಿಂದ ಈ ಪತ್ರ ಬಹಿರಂಗ. ತಮಗೆ ಓದಲು ಬಾರದಿದ್ದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ತಾವು ಸೂರ್ಯಕಾಂತಿ ಬೀಜ ಬಿಟ್ಟು ಬೇರೇನನ್ನೂ ಮೂಸಿಯೂ ನೋಡದೆ, ಕೂತಲ್ಲೇ ಕೂತು, ಎದೆ ಮೇಲೆ ಕೊಬ್ಬು ಕಟ್ಟಿಸಿಕೊಂಡು, ಪಂಜರದಿಂದ ಕಿಟಕಿಗೆ ಹಾರುವಷ್ಟರಲ್ಲಿ ಏದುಸಿರು ಬಿಡುವಂತಾದದ್ದು ಬೀದಿಗೆಲ್ಲ ಗೊತ್ತಿರುವ ವಿಷಯ. ಡಾಕ್ಟರು ತಮ್ಮ ಎದೆ ಸವರಿ ನೋಡಿ, ಹೀಗೇ ಬಿಟ್ಟರೆ ಲಿವರ್ ಕೆಟ್ಟುಹೋಗುತ್ತೆ, ಬೀಜ ಕಮ್ಮಿ ಮಾಡುತ್ತಾ ಬನ್ನಿ, ಸೊಪ್ಪು, ತರಕಾರಿ, ಮೊಳಕೆಕಾಳು ಸೇರಿಸಿ ಮನೆಯಲ್ಲೇ ತಾಜಾ ಊಟ ಮಾಡಿ ಕೊಡಿ ಎಂದರು. ಹದಿನೆಂಟನೇ ತಾರೀಖು ಸೋಮವಾರದೊಳಗೆ ತನ್ನ ಬಟ್ಟಲಿನಿಂದ ತಾನೇ ತಿನ್ನುವುದನ್ನು ಕಲಿಯದಿದ್ದರೆ ಹಾಸನದಲ್ಲೇ ಪರಮೇಶ್ ಅನ್ನುವವರ ಹತ್ತಿರ ಬಿಟ್ಟುಬಿಡಿ, ಅವರ ದೊಡ್ಡ ಗೂಡಿನಲ್ಲಿ ಇದರ ಜಾತಿಯವೇ ಬೇಕಾದಷ್ಟಿವೆ, ನೋಡಿ ಕಲಿಯುತ್ತೆ ಎಂದೂ ಹೇಳಿದರು. ಅಲ್ಲಿ ಜೊತೆಗೆ ಒಗ್ಗಿದ ಮೇಲೆ ವಾಪಸು ತರುವುದು ಪಾಪವಂತೆ. ನಿಸರ್ಗ ಕಣ್ಣೊರೆಸಿಕೊಂಡು ಹೂಂ ಅಂದುಬಿಟ್ಟಳು. ನಾನು ಪಂಜರ ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಕೂಗಬಾರದಲ್ಲ.

ಅವತ್ತಿನಿಂದ ನನ್ನ ಅಡುಗೆಮನೆ ತಮ್ಮ ಛತ್ರವಾಯಿತು. ಎದ್ದವಳೇ ನುಗ್ಗೆಸೊಪ್ಪು ಬಿಡಿಸಿ, ತೊಳೆದು, ಬಟ್ಟೆ ಮೇಲೆ ಹರವಿ ನೀರಾರಿಸಿ, ಕ್ಯಾರೆಟ್ ತುರಿದು, ಬೀನ್ಸು, ಸಿಹಿಗುಂಬಳ, ದಪ್ಪ ಮೆಣಸಿನಕಾಯಿಯನ್ನು ತಮ್ಮ ಕೊಕ್ಕಿನ ಅಳತೆಗೆ ಕೊಚ್ಚಿ, ಮೊಳಕೆ ಕಟ್ಟಿದ ಹೆಸರುಕಾಳಿಗೆ ಹುಳಿವಾಸನೆ ಹತ್ತಿದೆಯೇ ಎಂದು ಮೂಸಿ, ಬೆಂದ ಮುಸುಕಿನ ಜೋಳ ಉದುರಿಸಿ ಬೆರೆಸಬೇಕು. ಉಪ್ಪು ಕೂಡದು, ಎಣ್ಣೆ ಕೂಡದು, ಈರುಳ್ಳಿ ಬೆಳ್ಳುಳ್ಳಿಯ ಹೆಸರೆತ್ತಕೂಡದು. ಹಾಸನದ ಮಣ್ಣಲ್ಲಿ ಬೆಳೆದ ಆಲೂಗಡ್ಡೆಯಾದರೂ ಹಸಿಯಾಗಿ ತಮ್ಮ ಸನ್ನಿಧಿಗೆ ಬರಕೂಡದು. ಸೊಪ್ಪು ಮಾರುವ ಬಸವಲಿಂಗಮ್ಮ ನಾನು ಎಳೇ ಎಲೆಯನ್ನೇ ಆರಿಸುವುದು ನೋಡಿ, ಯಾರ್ ಮನೇಲಿ ಬಾಣಂತನ ಜವರಕ್ಕಾ ಎಂದು ಅಕ್ಕರೆಯಿಂದ ಕೇಳಿದಳು. ಗಿಣಿಗೆ ಕಣವ್ವ ಅಂದದ್ದೇ ತಡ, ಕೊಸರಿಗೆ ಹಾಕಿದ್ದ ಕೊತ್ತಂಬರಿಯನ್ನು ವಾಪಸು ತೆಗೆದುಕೊಂಡಳು.

ಮೊದಲ ದಿನ ಒಂದು ಎಡವಟ್ಟಾದದ್ದು ನಿಜ. ಕೊಚ್ಚಿ ಮುಗಿಸುತ್ತಿದ್ದಂತೆ ನನ್ನ ಕೈ ತನ್ನಷ್ಟಕ್ಕೆ ತಾನೇ ಬಾಣಲೆ ಇಟ್ಟು, ಸಾಸಿವೆ ಸಿಡಿಸಿ, ಕರಿಬೇವು ಹಾಕಿ, ಕಾಯಿತುರಿ ಉದುರಿಸಿಬಿಟ್ಟಿತು. ಮದುವೆಯಾದಾಗಿನಿಂದ ಒಗ್ಗರಣೆ ಹಾಕಿದ ಕೈ, ಅದಕ್ಕೆ ಹಕ್ಕಿ ಡಾಕ್ಟರ ಪರಿಚಯವಿಲ್ಲ. ನಿಸರ್ಗ ಕಿಟಾರನೆ ಕಿರುಚಿದಳು. ಕೂಗಬಾರದು ಅನ್ನುವ ಕಾನೂನು ಈ ಮನೆಯಲ್ಲಿ ನನಗೊಬ್ಬಳಿಗೇ. ತಮ್ಮ ಪಥ್ಯವನ್ನು ನಾವು ಅನ್ನಕ್ಕೆ ನೆಂಚಿಕೊಂಡು ತಿಂದೆವು, ಚೆನ್ನಾಗಿತ್ತು. ಮಾರನೇ ದಿನ ಕಾನೂನು ಪ್ರಕಾರವೇ ಮಾಡಿ ಮುಂದಿಟ್ಟರೆ ತಾವು ಮಹಾ ಗಾಂಭೀರ್ಯದಿಂದ ಕತ್ತು ಓರೆ ಮಾಡಿ ನೋಡಿ, ಒಂದೊಂದೇ ಎತ್ತಿ, ಕ್ಯಾರೆಟ್ಟನ್ನು ಕ್ಯಾಲೆಂಡರಿಗೂ ಬೀನ್ಸನ್ನು ನನ್ನ ಕನ್ನಡಕಕ್ಕೂ ಎಸೆದಿರಿ. ತಮ್ಮ ಗುರಿ ಮೆಚ್ಚತಕ್ಕದ್ದು.

ಆಮೇಲೆ ಡಾಕ್ಟರು ಫೋನಿನಲ್ಲಿ, ಇವು ಗುಂಪಿನಲ್ಲಿ ಉಣ್ಣುವ ಹಕ್ಕಿಗಳು, ಅದಕ್ಕೆ ಬೇಕಾದವರು ಎದುರಿಗೆ ಕೂತು ಅದನ್ನೇ ತಿಂದು ತೋರಿಸಬೇಕು ಎಂದರು. ತಾವು ಬಂದು ಕೂರುವುದು ನನ್ನ ಹೆಗಲ ಮೇಲೆ ಮಾತ್ರ ಆದ್ದರಿಂದ ಈ ಪದವಿ ನನಗೇ ಬಂತು. ಉಪ್ಪಿಲ್ಲದ ಹಸಿ ತರಕಾರಿ ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ, ಆಹಾ ಆಹಾ ಎನ್ನುತ್ತಾ ನಾನು ಪಂಜರದ ಮುಂದೆ ಮೇಯುತ್ತಿದ್ದರೆ, ನಮ್ಮ ಯಜಮಾನರು ಜಗಲಿಯಿಂದ, ಏನಮ್ಮೀ, ಸಂಜೇಗೆ ಬೂಸಾನೂ ಕಲಸಿಡ್ಲಾ ಎಂದು ಕೇಳಿದರು. ಅವರಿಗೆ ಉತ್ತರ ಕೊಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟಾದರೂ ತಮ್ಮ ಮನಸ್ಸು ಕರಗಿದ್ದು ಯಾವುದಕ್ಕೆ? ಮುದ್ದೆಗೆ! ಮೊನ್ನೆ ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ತಾವು ಹೆಗಲಿಂದ ಧೊಪ್ಪನೆ ತಟ್ಟೆಗಿಳಿದು, ಸಾರು ತಾಗದ ಕಡೆಯಿಂದ ಮುದ್ದೆಗೆ ಕೊಕ್ಕು ಹಾಕಿದಿರಿ. ನಮ್ಮ ಮನೆ ಮುದ್ದೆಗೆ ಉಪ್ಪು ಹಾಕುವ ರೂಢಿಯೇ ಇಲ್ಲ, ಎಣ್ಣೆಯಂತೂ ಇಲ್ಲವೇ ಇಲ್ಲ. ಆಗಲೇ ಗೋಲಿಯಷ್ಟು ಮುದ್ದೆ ಹಿಡಿದು, ಅದರಲ್ಲಿ ನುಗ್ಗೆಸೊಪ್ಪು, ಕ್ಯಾರೆಟ್ಟು, ಮೊಳಕೆಕಾಳು ಹುದುಗಿಸಿ ಕೊಟ್ಟೆ. ತಿಂದಿರಿ. ಸಂತೋಷ. ಆದರೆ ಸ್ವಾಮೀ, ಮುದ್ದೆಯನ್ನು ಅಗಿದು ತಿಂದಿರಿ! ಸಾರಿನಲ್ಲಿ ಅದ್ದಿ ನುಂಗಬೇಕಾದ್ದನ್ನು ಕಟಕಟ ಅಂತ ಹಲ್ಲಿಲ್ಲದ ಬಾಯಲ್ಲಿ ಅಗಿಯುವವರನ್ನು ಹಳ್ಳಿಮೈಸೂರಿನ ನನ್ನ ತವರಲ್ಲಿ ಪಂಕ್ತಿಗೇ ಕೂರಿಸುವುದಿಲ್ಲ. ಪರದೇಶದ ವಂಶ ಎಂದು ಕ್ಷಮಿಸಿದ್ದೇನೆ.

ಇದನ್ನು ಹಾಸನಕ್ಕೆ ಫೋನು ಮಾಡಿ ಹೆಮ್ಮೆಯಿಂದ ಹೇಳಿದರೆ ಡಾಕ್ಟರು ಒಪ್ಪಲಿಲ್ಲ. ಅಜ್ಜಿ ತಟ್ಟೇಲಿ ತಿಂದರೆ ಸಾಲದು, ಅಜ್ಜಿ ಯಾರದೋ ಮದುವೆಗೆ ಅಂತ ದಂಡಿಗನಹಳ್ಳಿಗೆ ಹೋದ ದಿನ ಹಕ್ಕಿ ಉಪವಾಸವಾ, ಅದರ ಬಟ್ಟಲಿನಿಂದ ಅದೇ ತಿನ್ನಬೇಕು ಎಂದರು. ಮಾತು ಸರಿಯಾಗಿದೆ, ಅದಕ್ಕೇ ಸಿಟ್ಟು ಬಂತು.

ನಿನ್ನೆ ಸಂಜೆ ಬಟ್ಟಲಲ್ಲೇ ಇಟ್ಟೆ. ತಾವು ಕೋಲಿನಿಂದ ಇಳಿದು, ಅಂಚಿಗೆ ಕೊಕ್ಕು ತಾಗಿಸಿ, ನನ್ನ ಮುಖ ನೋಡಿದಿರಿ. ನಾನು ಉಸಿರು ಬಿಗಿಹಿಡಿದು ಆ ಕಡೆ ತಿರುಗಿಕೊಂಡೆ. ಕೊಕ್ಕು ಇನ್ನೇನು ಒಳಗೆ ಹೋಗಬೇಕು, ಅಷ್ಟರಲ್ಲಿ ಯಜಮಾನರು ಸೀನಿದರು. ತಾವು ಹಾರಿ ಪರದೆ ಕಂಬಿ ಮೇಲೆ ಕೂತಿರಿ. ಹಕ್ಕಿಯ ಮುಂದೆ ಕೂಗಬಾರದೆಂದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತಾಡಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇಷ್ಟೇ. ಒಂದು ದಿನ ಬಿಡುವು ಮಾಡಿಕೊಂಡು ಬಸವಲಿಂಗಮ್ಮನಲ್ಲಿಗೆ ದಯಮಾಡಿಸಿ, ನುಗ್ಗೆಸೊಪ್ಪು ಎಳೆಯದಾಗಿತ್ತು ಎಂದು ಎರಡು ಮಾತು ಆಡಿ ನನ್ನ ಕೊಸರನ್ನು ವಾಪಸು ಕೊಡಿಸಬೇಕು. ನಮ್ಮ ಯಜಮಾನರಿಗೂ ಬಿ.ಪಿ. ಇದ್ದು, ಉಪ್ಪು ಕಮ್ಮಿ ಎಂದರೆ ತಟ್ಟೆ ತಳ್ಳುತ್ತಾರಾದ್ದರಿಂದ, ತಾವು ಅವರ ಪಕ್ಕ ಕೂತು, ಸಪ್ಪೆ ಊಟ ಉಂಡು, ಆಹಾ ಎಂದು ತೋರಿಸಿಕೊಡಬೇಕು. ಮುದ್ದೆ ನುಂಗುವುದನ್ನು ಯುಗಾದಿಯೊಳಗೆ ಕಲಿತರೆ ಸಾಕು, ಅವಸರವಿಲ್ಲ.

ತಾವು ಹೋದರೆ ಮನೆ ಬಿಕೋ ಅನ್ನುತ್ತದೆ ಎಂದು ತಿಳಿಯಬೇಡಿ. ಬೀಜದ ಹೊಟ್ಟು ಗುಡಿಸುವ ಕೆಲಸ ಇರುವುದಿಲ್ಲ. ಕುಕ್ಕರ್ ಕೂಗಿದಾಗ ಅದಕ್ಕೆ ಸರಿಯಾಗಿ ತಾವೂ ಶಿಳ್ಳೆ ಹಾಕಿ, ಎಷ್ಟು ಕೂಗಾಯಿತು ಎಂದು ನನಗೆ ಲೆಕ್ಕ ತಪ್ಪಿಸುವುದು ನಿಲ್ಲುತ್ತದೆ. ಅನ್ನ ಸರಿಯಾಗಿ ಬೇಯುತ್ತದೆ. ಅಂಥ ಅನ್ನ ನನಗೆ ಬೇಡ, ಅಷ್ಟೇ.

ತಮ್ಮ ಬಟ್ಟಲು ತೊಳೆಯುವ, ತಮ್ಮ ಪಾಲಿನ ಸೊಪ್ಪನ್ನೂ ತಾನೇ ಮೇಯುತ್ತಿರುವ ವಿಶ್ವಾಸಿ,
ಜವರಮ್ಮ

ತಾ.ಕ.: ಇಷ್ಟನ್ನು ಬರೆಯುವಷ್ಟರಲ್ಲಿ ತಾವು ನನ್ನ ಹೆಗಲ ಮೇಲಿಂದ ಬಗ್ಗಿ ಈ ಕಾಗದದ ಒಂದು ಮೂಲೆಯನ್ನು ಪೂರ್ತಿ ಕಡಿದಿದ್ದೀರಿ. ಇದಕ್ಕೂ ಉಪ್ಪಿಲ್ಲ, ಒಗ್ಗರಣೆಯಿಲ್ಲ. ಕಾಗದ ಸೇರುವ ಬಾಯಿಗೆ ನುಗ್ಗೆಸೊಪ್ಪು ಸೇರುವುದಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. ಬಟ್ಟಲು ತುಂಬಿಸಿ ಪಂಜರದೊಳಗೆ ಇಟ್ಟಿದ್ದೇನೆ, ಯಜಮಾನರನ್ನು ಹೊರಗೆ ಕಳಿಸಿದ್ದೇನೆ. ಹದಿನೆಂಟನೇ ತಾರೀಖು ಬೆಳಿಗ್ಗೆ, ಹಾಸನದ ಬಸ್ಸು ಹೊರಡುವ ಮುಂಚೆ, ಉತ್ತರ ಬೇಕು.