ತವರೂರಿನ ಲ್ಯಾಪ್‌ಟಾಪ್

ನಮ್ಮ ತರೀಕೆರೆ ಮನೆಯಲ್ಲಿ ಇನ್ನು ಮುಂದೆ ಲಿನಕ್ಸ್‌ನದೇ ಸಾಮ್ರಾಜ್ಯ ಎಂದು ಘೋಷಿಸಿಬಿಟ್ಟೆ! ಕಂಪ್ಯೂಟರ್ ನಡೆಸುವ ತಂತ್ರಾಂಶ ಯಾರೊಬ್ಬರ ಸ್ವತ್ತೂ ಆಗಿರಬಾರದು, ಬೇಕಾದವರು ಬಿಚ್ಚಿ ನೋಡುವಂತಿರಬೇಕು ಎಂದು ಭಾಷಣವನ್ನೂ ಬಿಗಿದೆ.

"ಏನಾದ್ರೂ ಹಾಕ್ಕೊಳ್ಳಿ. ಭಾನುವಾರ ನನ್ನ ಆನ್‌ಲೈನ್ ಹಾಡಿನ ಕ್ಲಾಸು ನಡೀಬೇಕು ಕಣ್ರೀ. ಮೊದಲ್ನೇ ಕ್ಲಾಸೇ ಕೆಟ್ರೆ ಆಮೇಲೆ ಯಾರ್ ಬತ್ತಾರೆ?" ಎಂದಳು ನನ್ನಾಕೆ ಶಾರದಾಂಬಾ.

"ನಡೆಯೋದೇನು, ಓಡುತ್ತೆ!"

ಆದರೆ ಎಲ್ಲ ಲ್ಯಾಪ್‌ಟಾಪಿಗೂ ಲಿನಕ್ಸ್ ಒಗ್ಗುವುದಿಲ್ಲ. ಒಂದರಲ್ಲಿ ವೈಫೈ ಮುನಿಸಿಕೊಂಡರೆ ಇನ್ನೊಂದರಲ್ಲಿ ಕ್ಯಾಮೆರಾ ಕಣ್ಣೇ ಬಿಡುವುದಿಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ಚುಚ್ಚಿ ನೋಡೋಣವೆಂದು ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಜೇಬಿಗಿಳಿಸಿ ಕಡೂರಿಗೆ ಹೊರಟೆ. ನನ್ನಂಥ ಜಾಣ ಯಾರಿದ್ದಾರೆ!

ಅಂಗಡಿಯ ಭೈರೇಶ್ ನನ್ನನ್ನು ಕಂಡದ್ದೇ ಎದ್ದು ನಿಂತ. "ದೇವನೂರು ಶಾರದಕ್ಕನ ಯಜಮಾನ್ರಲ್ವಾ? ಬನ್ನಿ ಭಾವ!"

ಹೆಂಡತಿಯ ತವರೂರಿನವನು! ಅಕ್ಕನ ಮಂಡಿನೋವು ವಿಚಾರಿಸಿದ, ಫ್ಯಾನನ್ನು ನನ್ನತ್ತ ತಿರುಗಿಸಿದ. ಇಷ್ಟಾದ ಮೇಲೂ ಅವನ ಮಾಲನ್ನು ಪರೀಕ್ಷೆ ಮಾಡಿದರೆ ಅನುಮಾನ ಪಟ್ಟ ಹಾಗಲ್ಲವೇ? ದಾಕ್ಷಿಣ್ಯಕ್ಕೆ ಬಿದ್ದೆ. ಪೆನ್‌ಡ್ರೈವ್ ಜೇಬಿನಲ್ಲೇ ಬೆವರಿತು.

"ಇದ್ರಲ್ಲಿ ಲಿನಕ್ಸ್ ಓಡುತ್ತೇನಪ್ಪಾ?" ಎಂದಷ್ಟೇ ಕೇಳಿದೆ.

"ಎಲ್ಲಾ ಓಡುತ್ತೆ, ತಗೊಳ್ಳಿ ಭಾವ!"

ಮನೆಗೆ ತಂದು ಲಿನಕ್ಸ್ ಹಾಕಿದೆ. ವೈಫೈ ಬಂತು, ಕ್ಯಾಮೆರಾ ಬಂತು. ಮೀಸೆ ತಿರುವಿದೆ! ಭಾನುವಾರ ಶಾರದೆ ರೇಷ್ಮೆ ಸೀರೆಯುಟ್ಟು, ಕಣ್ಣು ಮುಚ್ಚಿ, ಆರತಿ ಹಾಡನ್ನು ಮೈಮರೆತು ಹಾಡಿದಳು. ಅಜ್ಜಂಪುರದ ಶಿಷ್ಯೆ ಮಧುಶ್ರೀ ಪರದೆಯ ಮೇಲೆ ಬರೆದಳು: "ಮೇಡಂ, ಹಾಡು ಯಾವಾಗ ಶುರು?"

ಅಯ್ಯೋ, ಆ ಲ್ಯಾಪ್‌ಟಾಪಿನ ಮೈಕನ್ನು ಲಿನಕ್ಸ್ ಗುರುತೇ ಹಿಡಿದಿರಲಿಲ್ಲ! ಬನಿಯನ್ನಿನಲ್ಲೇ ಕ್ಯಾಮೆರಾ ಮುಂದೆ ನುಗ್ಗಿ ಸ್ವಲ್ಪ ತಾಳಿ ಎಂದು ಎಲ್ಲರಿಗೂ ಕೈಸನ್ನೆ ಮಾಡಿದೆ. ನನ್ನ ದರ್ಶನವಾದದ್ದೇ ಶಿಷ್ಯೆಯರು ಒಬ್ಬೊಬ್ಬರಾಗಿ ಮಾಯವಾದರು.

ಶಾರದೆಯ ಕಣ್ಣು ತುಂಬಿತು. ನನಗೆ ನಿಜಕ್ಕೂ ಸಂಕಟವಾಯಿತು. ಪೆನ್‌ಡ್ರೈವ್ ಜೇಬಿನಲ್ಲೇ ಇದ್ದರೂ ಭೈರೇಶನ ದಾಕ್ಷಿಣ್ಯಕ್ಕೆ ಬಿದ್ದು ಪರೀಕ್ಷೆ ಮಾಡದೆ ತಂದುಬಿಟ್ಟೆ ಎಂದು ಒಪ್ಪಿಕೊಂಡೆ.

"ಎಲ್ಲಿ, ಕೊಡಿ ಆ ಪೆನ್‌ಡ್ರೈವು!" ಎಂದು ಕೈ ಚಾಚಿದಳು.

ಮರುದಿನ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋಗಿ ಬದಲಿ ಲ್ಯಾಪ್‌ಟಾಪ್ ಕೇಳಿದಳು. ಭೈರೇಶ್ ತೋರಿಸಿದ ಒಂದೊಂದು ಲ್ಯಾಪ್‌ಟಾಪಿಗೂ ಪೆನ್‌ಡ್ರೈವ್ ಚುಚ್ಚಿ, ಆರತಿ ಹಾಡಿ, ರೆಕಾರ್ಡ್ ಆದದ್ದನ್ನು ಕಿವಿಗೊಟ್ಟು ಕೇಳಿದಳು. ಹೊರಗೆ ಜನ ಸೇರಿದರು. ಕೊನೆಗೊಂದು ಅವಳ ದನಿಯನ್ನು ಇದ್ದ ಹಾಗೇ ಒಪ್ಪಿಸಿತು. ಬರುವ ಭಾನುವಾರ ಮತ್ತೆ ಕ್ಲಾಸು ಎಂದು ಅಲ್ಲಿಂದಲೇ ಮಧುಶ್ರೀಗೆ ಫೋನ್ ಮಾಡಿದಳು.

ಭೈರೇಶನ ಮುಖ ಸಪ್ಪಗಾಗಿತ್ತು. "ಏನಕ್ಕಾ, ನಮ್ಮೂರೋನು ಅಂತ ಒಂಚೂರೂ ನಂಬಿಕೆ ಇಲ್ವಾ?"

ಶಾರದೆ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಬರೀ ನಂಬಿಕೆ ಮೇಲೆ ಒಂದ್ಸಲ ಇವರನ್ನ ಒಪ್ಕೊಂಡ್ಬಿಟ್ಟಿದ್ದೀನಿ ಕಣೋ. ಅದಕ್ಕೆ ಬದಲೀನೂ ಯಾರೂ ಕೊಡ್ತಿಲ್ಲ!"