ಭಾವನ ಹಾಡು, ಬೀದಿಯ ಪಾಡು

ನ್ಯೂಜಿಲೆಂಡಿನ ತಕಾನಿನಿ ಬಡಾವಣೆಯ ನಮ್ಮಕ್ಕನ ಬೀದಿಯಲ್ಲಿ ಭಾವ ಕಟ್ಟಿದ ಹಾಡು ಎಲ್ಲರಿಗೂ ಬಾಯಿಪಾಠ. ಅದನ್ನು ಸರಿಯಾಗಿ ಹಾಡಲು ಬಾರದವರು ಇಡೀ ಬೀದಿಗೆ ಒಬ್ಬರೇ. ಭಾವ!

ಭಾವ ಸಿವಿಲ್ ಇಂಜಿನಿಯರ್. ಸಂಗೀತದ ನಂಟು ಬಚ್ಚಲುಮನೆಯವರೆಗೆ ಮಾತ್ರ. ನ್ಯೂಜಿಲೆಂಡಿಗೆ ಬಂದ ಮೊದಲ ವರ್ಷವೇ ಯಾರದೋ ಮನೆಯ ಹಳೇ ಸಾಮಾನಿನ ಗರಾಜ್ ಸೇಲಿನಿಂದ ಬೇಸ್ ಗಿಟಾರ್ ಹೊತ್ತು ತಂದರು. ಅದರ ಫೋಟೋ ನೋಡಿ ನಾನು ಊರಿನಿಂದ ಫೋನ್ ಮಾಡಿ, ನಾಲ್ಕೇ ತಂತಿ ಇದೆಯಲ್ಲ, ಮಿಕ್ಕಿದ್ದು ಕಿತ್ತುಹೋಗಿದೆಯೇ ಎಂದು ಕೇಳಿದ್ದಕ್ಕೆ ನನ್ನೊಡನೆ ಒಂದು ವಾರ ಮಾತು ಬಿಟ್ಟರು. ಆಮೇಲೆ ತಿಳಿಯಿತು, ಬೇಸ್ ಗಿಟಾರಿಗೆ ಇರುವುದೇ ನಾಲ್ಕು ತಂತಿ, ಅವರು ಬಾರಿಸುವುದು ಫಂಕ್ ಎಂಬ ಕುಣಿತದ ಸಂಗೀತವಂತೆ. ಹಾಗೆಂದರೇನು? ಬೇಸ್ ಗಿಟಾರ್ ಮುಂದೆ, ರಾಗ ಹಿಂದೆ, ಸೊಂಟ ಅದರಿಷ್ಟಕ್ಕೆ ಅದು!

ಹಾಡಿನ ಸಾಹಿತ್ಯವೋ, ಶುದ್ಧ ಹಾಜರಿ ಪುಸ್ತಕ. ಮನೆ ನಂಬರು, ಅಲ್ಲಿರುವವರ ಹೆಸರು, ಅವರ ಅಡುಗೆಯ ರುಚಿ. ಹನ್ನೊಂದನೇ ನಂಬರಿನ ಮೈಸೂರಿನ ಆಂಟಿಯ ಸಾರಿಗೆ ಉಪ್ಪು ಕಡಿಮೆ ಎಂದೂ ಸೇರಿಸಿಬಿಟ್ಟರು. ಆಂಟಿ ಪಾತ್ರೆ ಸಮೇತ ಬಂದು, ರುಚಿ ನೋಡಿ ಸಾಲು ತಿದ್ದಿ ಎಂದು ಪಟ್ಟು ಹಿಡಿದರು. ಭಾವ ಎರಡು ಸೌಟು ಕುಡಿದು, ಈಗ ಉಪ್ಪು ಜಾಸ್ತಿ ಎಂದರು. ಹಾಡಿಗೆ ಎರಡನೇ ಚರಣ ಹುಟ್ಟಿದ್ದು ಹಾಗೆ.

ಹತ್ತು ವರ್ಷವಾದರೂ ಬೀದಿಗೆ ಹಿಡಿದ ಆ ಗುಂಗು ಬಿಟ್ಟಿಲ್ಲ. ಹದಿನೈದನೇ ಮನೆ ಎಲ್ಲಿ ಎಂದರೆ ಇಲ್ಲಿನ ಮಕ್ಕಳು ಒಂದರಿಂದ ಹಾಡಿಕೊಂಡು ಬರಬೇಕು. ಪಾರ್ಸೆಲ್ ತಂದವರು ಅಲ್ಲಿಯವರೆಗೆ ತಾಳ ಹಾಕುತ್ತ ನಿಂತಿರಬೇಕು!

ಹೀಗಿರುವಾಗ ನರ್ಸ್ ಆಗಿರುವ ಅಕ್ಕನಿಗೆ ಊರಿನ ಆ ತುದಿಯ ಆಲ್ಬನಿ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಮನೆ ಬದಲಿಸದೆ ಬೇರೆ ದಾರಿಯಿಲ್ಲ. ಭಾವ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ತಮ್ಮ ಮನೆ, ಹದಿಮೂರನೇ ನಂಬರು, ಖಾಲಿಯಾದರೆ ಹಾಡಿನ ತಾಳ ತಪ್ಪುತ್ತದಂತೆ! ಅಕ್ಕ ರಾಜಿಗೆಂದು, ಈಗ ಇದೇ ದೇಶದಲ್ಲಿರುವ ನನ್ನನ್ನು ಕರೆಸಿದಳು. ಒಂದು ತಲೆಹರಟೆ ಹಾಡಿಗೋಸ್ಕರ ಅಕ್ಕನ ಕೆಲಸ ತಪ್ಪಿಸುತ್ತೀರಾ ಎಂದು ನಾನು ರೇಗಿದೆ.

ಭಾವ ಕೈಯಲ್ಲಿದ್ದ ಗಿಟಾರ್ ಕೆಳಗಿಟ್ಟರು.

"ಬಂದ ಹೊಸದ್ರಲ್ಲಿ ನಿಮ್ಮಕ್ಕಂಗೆ ಕೆಲಸ ಇರ್ಲಿಲ್ಲ, ದಿನವೆಲ್ಲ ಒಬ್ಬಳೇ ಕಣೋ. ಸಂಜೆ ನಾನು ಬಂದಾಗ ಅವಳ ಗಂಟಲು ಕಟ್ಟಿರ್ತಿತ್ತು, ಬೆಳಿಗ್ಗೆಯಿಂದ ಒಂದು ಮಾತೂ ಆಡಿರ್ತಿರ್ಲಿಲ್ಲ. ಗುರುತಿಲ್ಲದೋರ ಬಾಗಿಲು ಏನಂತ ತಟ್ಟೋದು? ಹಾಡಿಗೆ ನಿಮ್ಮ ಹೆಸರು ಬೇಕು ಅಂತ ಸುಳ್ಳು ಹೇಳ್ಕೊಂಡು ಹೋದೆ. ಆಮೇಲೆ ಹಾಡು ಕಟ್ಲೇಬೇಕಾಯ್ತು, ಅದರ ನೆಪದಲ್ಲಿ ಬೀದಿಯೋರೆಲ್ಲ ಅವಳಿಗೆ ಗುರುತಾದ್ರು. ಆಲ್ಬನಿಲಿ ಅವಳನ್ನ ಹೆಸರು ಹಿಡಿದು ಕರೆಯೋರು ಯಾರಿದಾರೆ ಹೇಳು?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೆನಲ್ಲ!

ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಎಲ್ಲವೂ ಕೇಳಿಸಿತ್ತು. ಬಂದು ಭಾವನ ಪಕ್ಕದಲ್ಲಿ ಕುಳಿತಳು.

"ಅಲ್ಲೂ ಬಾಗಿಲು ತಟ್ಟಿದ್ರಾಯ್ತು ರೀ," ಎಂದಳು. "ಈ ಸಲ ನಾನೂ ಜೊತೆಗೆ ಬರ್ತೀನಿ."